ಹಗ್ಗಾಯನ ತೂತಿನ ಚೀಲ ಯಾರದು?

ಪ್ರಶ್ನೆ: ನಮ್ಮ ಸಭೆಯವರು ಹೊಸ ದೇವಾಲಯ ಕಟ್ಟಿಸುತ್ತಿದ್ದಾರೆ. ಕಟ್ಟಡ ನಿಧಿಯ ಭಾನುವಾರದಂದು ಬೈಬಲಿನ ಹಳೆಯ ಒಡಂಬಡಿಕೆಯ ಪ್ರವಾದಿ ಹಗ್ಗಾಯನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಓದಿ, ದೇವರ ಮನೆಗೆ ಕೊಡದವರ ಸಂಬಳ ತೂತಿನ ಚೀಲಕ್ಕೆ ಬೀಳುತ್ತದೆ ಎಂದು ಪ್ರಸಂಗ ಮಾಡಿದರು. ಆ ನಿಧಿಗೆ ನಾವು ಏನೂ ಕೊಟ್ಟಿರಲಿಲ್ಲ. ಆರು ತಿಂಗಳ ಹಿಂದೆ ನನ್ನ ಪತಿಯ ಕೆಲಸ ಹೋಯಿತು. ಅದಕ್ಕೆ ಇದೇ ಕಾರಣವೇ? ಹಗ್ಗಾಯನ ಮಾತನ್ನು ಕ್ರೈಸ್ತರಾದ ನಾವು ಹೇಗೆ ಅನ್ವಯಿಸಿಕೊಳ್ಳಬೇಕು?
— ಒಬ್ಬ ಓದುಗಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ನಿಮ್ಮ ಪತಿಯ ಕೆಲಸ ಹೋದದ್ದಕ್ಕೆ ಅದು ಕಾರಣವೆಂದು ಹೇಳುವ ಅಧಿಕಾರವನ್ನು ಹಗ್ಗಾಯನ ಗ್ರಂಥ ಯಾರಿಗೂ ಕೊಡುವುದಿಲ್ಲ.

ಕ್ರಿ.ಪೂ. 586ರಲ್ಲಿ ಬಾಬೆಲಿನವರು ಕೆಡವಿದ ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು 538ರ ಸುಮಾರಿಗೆ ಪಾರಸಿಯ ಅರಸನಾದ ಕೋರೆಷನ ಅಪ್ಪಣೆ ದೊರೆತಿತ್ತು. ಆದರೆ ಅಸ್ತಿವಾರದ ನಂತರ ನೆರೆಹೊರೆಯವರ ವಿರೋಧದಿಂದ ನಿಂತ ಕೆಲಸ, ವಿರೋಧಕ್ಕಿಂತ ಅಭ್ಯಾಸಬಲದಿಂದಲೇ ನಿಂತೇ ಇತ್ತು. 520ರಲ್ಲಿ, ದಾರ್ಯಾವೆಷನ ಆಳ್ವಿಕೆಯ ಎರಡನೆಯ ವರ್ಷದ ಆರನೆಯ ತಿಂಗಳ ಮೊದಲ ದಿನ, ಹಗ್ಗಾಯನು ದೇಶಾಧಿಪತಿಯಾದ ಜೆರುಬ್ಬಾಬೆಲನಿಗೂ ಮಹಾಯಾಜಕನಾದ ಯೆಹೋಶುವನಿಗೂ ಮಾತಾಡಿದನು. ಜನರು ಹಲಗೆ ಹೊದಿಸಿದ ಮನೆಗಳಲ್ಲಿ ವಾಸಿಸುತ್ತಿದ್ದಾಗ ದೇವರ ಮನೆ ‘ಹಾರೇಬ್’, ಅಂದರೆ ಹಾಳು ಬಿದ್ದಿತ್ತು. ಆದುದರಿಂದ ದೇವರು ನೆಲದ ಮೇಲೆ ‘ಹೋರೆಬ್’ ಅನ್ನು, ಅಂದರೆ ಬರವನ್ನು ಬರಮಾಡಿದನು. ಹೀಬ್ರುವಿನಲ್ಲಿ ಎರಡಕ್ಕೂ ಅಕ್ಷರಗಳು ಒಂದೇ. ಆ ಬರ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿ, ದೇವರು ಇಸ್ರಾಯೇಲ್ ಜನಾಂಗದೊಂದಿಗೆ ಮಾಡಿದ ಒಡಂಬಡಿಕೆಯ ಎಚ್ಚರಿಕೆಗೆ ಸೇರಿದ್ದು. ಅದು ಇಡೀ ದೇಶದ ಹೊಲ, ದ್ರಾಕ್ಷಿ, ಎಣ್ಣೆ, ದನಕರುಗಳ ಮೇಲೆ ಬಂತು. ಪ್ರವಾದಿಯು ಯಾವುದೇ ಒಂದು ಮನೆಯ ಬಾಗಿಲಲ್ಲಿ ನಿಂತು, ನಿನ್ನ ಚೀಲ ಏಕೆ ತೂತಾಯಿತೆಂದು ಹೇಳುತ್ತೇನೆ ಎನ್ನಲಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಯೇಸು ಆ ಬಗೆಯ ಲೆಕ್ಕವನ್ನೇ ತಳ್ಳಿಹಾಕಿದ್ದನ್ನು (ಯೋಹಾನ 9) ನೆನೆಯಿರಿ.

ನಿಧಿ ಸಂಗ್ರಹದ ಪ್ರಸಂಗಗಳಲ್ಲಿ ಬಿಟ್ಟುಹೋಗುವ ಮತ್ತೊಂದು ಸಂಗತಿಯಿದೆ. 1:8ರಲ್ಲಿ ದೇವರು ಹೇಳಿದ್ದು ಬೆಟ್ಟ ಹತ್ತಿ ಮರ ತಂದು ಮನೆ ಕಟ್ಟಿರಿ ಎಂದು; ಅಲ್ಲಿ ಹಣದ ಮಾತಿಲ್ಲ, ಮೈಮುರಿದು ದುಡಿಯುವ ಮಾತಿದೆ. ಎರಡನೆಯ ಅಧ್ಯಾಯದಲ್ಲಿ ಬೆಳ್ಳಿಬಂಗಾರದ ಪ್ರಸ್ತಾಪ ಬಂದಾಗಲೂ ಅವು ತನ್ನವೇ ಎಂದು ದೇವರು ಹೇಳುತ್ತಾನೆ. ಬಡವರನ್ನು ಹಿಂಡಿ ತನ್ನಿರಿ ಎನ್ನುವುದಿಲ್ಲ. ಜನರು ಕಿವಿಗೊಟ್ಟ ಕೂಡಲೇ, ಇನ್ನೂ ಒಂದು ಕಲ್ಲನ್ನೂ ಇಡುವ ಮೊದಲೇ, ‘ನಾನು ನಿಮ್ಮೊಂದಿಗಿದ್ದೇನೆ’ ಎಂಬ ಮಾತು ಬಂತು. ಕೆಲಸ ಶುರುವಾದದ್ದು ಅದರ ನಂತರ, ಅದೇ ತಿಂಗಳ 24ನೆಯ ದಿನ.

ಕ್ರೈಸ್ತರಾದ ನಮಗೆ ಆ ಮನೆ ಯಾವುದು? ಯೇಸು ತನ್ನ ದೇಹವನ್ನೇ ದೇವಾಲಯವೆಂದನು (ಯೋಹಾನ 2:21). ಪೌಲನು ಸಭೆಯನ್ನು ದೇವರ ಆಲಯವೆಂದನು. ಪೇತ್ರನು ವಿಶ್ವಾಸಿಗಳನ್ನು ಜೀವವುಳ್ಳ ಕಲ್ಲುಗಳೆಂದನು. ಆಕಾಶವನ್ನೂ ಭೂಮಿಯನ್ನೂ ಕದಲಿಸುವೆನೆಂಬ ಹಗ್ಗಾಯನ 2:6ನ್ನು ಉದ್ಧರಿಸುವ ಇಬ್ರಿಯರ ಪತ್ರಿಕೆಯೂ ಅದನ್ನು ಕದಲದ ರಾಜ್ಯದ ಕಡೆಗೆ ತಿರುಗಿಸುತ್ತದೆ. ಸಭೆಗೆ ಕಟ್ಟಡ ಬೇಕು, ಅದಕ್ಕೆ ಹಣವೂ ಬೇಕು. ಆದರೆ ಯೆರೂಸಲೇಮಿನ ಆಲಯದ ಜಾಗದಲ್ಲಿ ನಮ್ಮೂರಿನ ಕಟ್ಟಡವನ್ನು ನೇರವಾಗಿ ಇಡಲು ಬರುವುದಿಲ್ಲ.

ನನಗೆ ಈ ಗ್ರಂಥದಲ್ಲಿ ಹೆಚ್ಚು ನಾಟುವುದು, ಪ್ರಸಂಗಪೀಠದಿಂದ ಅಪರೂಪಕ್ಕೆ ಕೇಳಿಬರುವ 2:10–14. ಉಡುಪಿನ ಸೆರಗಿನಲ್ಲಿ ಪವಿತ್ರ ಮಾಂಸವನ್ನು ಕಟ್ಟಿಕೊಂಡವನ ಆ ಸೆರಗು ರೊಟ್ಟಿಗೋ ಎಣ್ಣೆಗೋ ತಗುಲಿದರೆ ಅದು ಪವಿತ್ರವಾಗುವುದೇ ಎಂದು ಪ್ರವಾದಿ ಕೇಳುತ್ತಾನೆ. ಇಲ್ಲ ಎನ್ನುತ್ತಾರೆ ಯಾಜಕರು. ಹೆಣ ಮುಟ್ಟಿದವನು ತಗುಲಿದರೆ? ಅಶುದ್ಧವಾಗುವುದು ಎನ್ನುತ್ತಾರೆ. ಮೈಲಿಗೆ ಅಂಟುವಂತೆ ಪವಿತ್ರತೆ ಅಂಟದು. ಕಟ್ಟಡದ ಕೆಲಸಕ್ಕೆ ಕೈಹಾಕಿದವರಿಗೇ ಆಡಿದ ಮಾತಿದು: ಕಲ್ಲು ಹೊತ್ತ ಮಾತ್ರಕ್ಕೆ, ಚೀಟಿ ಹರಿಸಿಕೊಂಡು ಕಾಣಿಕೆ ಕೊಟ್ಟ ಮಾತ್ರಕ್ಕೆ, ಮನುಷ್ಯ ಶುದ್ಧನಾಗುವುದಿಲ್ಲ.

ನಿಮ್ಮ ಕರ್ತವ್ಯದ ವಿಷಯದಲ್ಲಿ, ಕಾಣಿಕೆ ಒಬ್ಬನಿಗೆ ಇರುವುದಕ್ಕೆ ತಕ್ಕಂತೆ ಒಪ್ಪಿತವಾಗುತ್ತದೆ, ಇಲ್ಲದಿರುವುದಕ್ಕೆ ತಕ್ಕಂತೆ ಅಲ್ಲ ಎಂಬ 2 ಕೊರಿಂಥ 8:12ನ್ನು ಓದಿರಿ. ಪತಿಯ ಕೆಲಸ ಹೋಗಿರುವುದನ್ನು ಸಭೆಯ ಹಿರಿಯರಿಗೆ ತಿಳಿಸಿದ್ದೀರಾ? ತಿಳಿಸಿರದಿದ್ದರೆ ಈ ವಾರವೇ ತಿಳಿಸಿರಿ. ಬಡವರ ನಿಧಿಯಿಂದ ಸಹಾಯ ಕೇಳಲು ಸಂಕೋಚ ಬೇಡ.