ಮ್ಯೂನಿಕ್‌ನ ಬಿಯರ್ ಹಾಲ್‌ಗೆ ಶುದ್ಧ ಸಸ್ಯಾಹಾರಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಜೂನ್‌ನಲ್ಲಿ ಅಪ್ಪ-ಅಮ್ಮ ಬರುತ್ತಿದ್ದಾರೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಾವಿಬ್ಬರು ಮಾತ್ರ ಎಲ್ಲ ತಿನ್ನುತ್ತೇವೆ, ಅವರಿಗೆ ಅಲ್ಲಿ ಮುಜುಗರವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ. ಆದರೆ ಊಟಕ್ಕೆ ಹಾಲ್‌ನ ಒಳಗೆ ಕೂರಿಸಬೇಡಿ. ಮರದಡಿಯ ಬಿಯರ್‌ಗಾರ್ಟನ್‌ಗೆ ಹೋಗಿ, ಊಟವನ್ನು ಮನೆಯಿಂದಲೇ ಕಟ್ಟಿಕೊಳ್ಳಿ.

ನಮ್ಮ ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ನನಗೆ ಇದು ಗೊತ್ತಿರಲಿಲ್ಲ. ಊರಿನ ನಡುವಿನ ಒಂದು ಹಳೇ ಹಾಲ್‌ಗೆ ಕರೆದುಕೊಂಡು ಹೋದೆ. ಸೌವರ್‌ಕ್ರೌಟ್ ಅಂದರೆ ಹುಳಿ ಬರಿಸಿದ ಎಲೆಕೋಸು ತಾನೇ ಎಂದುಕೊಂಡು ಅದನ್ನೇ ತರಿಸಿದೆ. ಅಮ್ಮ ಒಂದು ಚಮಚ ಬಾಯಿಗಿಟ್ಟ ಮೇಲೆ ಎಲೆಕೋಸಿನ ಎಳೆಗಳ ಮಧ್ಯೆ ಚಿಕ್ಕ ಚಿಕ್ಕ ಗುಲಾಬಿ ತುಣುಕು ಕಂಡಿತು. ಹಂದಿ ಮಾಂಸ. ಅಮ್ಮ ಏನೂ ಅನ್ನಲಿಲ್ಲ, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಕೇಳದೆ ತರಿಸಿದ್ದು ನನ್ನ ತಪ್ಪು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೀವು ಹೀಗೆ ಮಾಡಬಾರದೆಂದೇ ಇಷ್ಟು ಬರೆಯುತ್ತಿದ್ದೇನೆ.

ಇಲ್ಲಿನ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಆಲೂಗಡ್ಡೆ ಸಲಾಡ್‌ಗೆ ಎಷ್ಟೋ ಕಡೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. ಮೆನುವಿನಲ್ಲಿ ಸಸ್ಯಾಹಾರಿ ಎಂದು ಬರೆದಿರುವ ಕೇಸೆಶ್ಪೆಟ್ಸ್ಲೆ, ಅಂದರೆ ಚೀಸ್ ಬೆರೆಸಿದ ನೂಡಲ್ಸ್‌ನಂಥ ತಿನಿಸು, ಅದರ ಹಿಟ್ಟನ್ನು ಮೊಟ್ಟೆ ಹಾಕಿಯೇ ಕಲಸುವುದು. ಅಣಬೆ ಗೊಜ್ಜಿನ ಜೊತೆ ಕೊಡುವ ಬ್ರೆಡ್ಡಿನ ಉಂಡೆ, ಸೆಮೆಲ್‌ಕ್ನೋಡೆಲ್, ಅದರಲ್ಲೂ ಮೊಟ್ಟೆ. ನಿಮ್ಮಿಬ್ಬರಿಗೆ ಇವೆರಡೂ ರುಚಿಯಾಗಿರುತ್ತವೆ, ಅಪ್ಪ-ಅಮ್ಮನಿಗೆ ಆಗುವುದಿಲ್ಲ.

ಮನೆಯ ಬುತ್ತಿ ತೆಗೆದರೆ ಯಾರಾದರೂ ಬೈದಾರು ಎಂಬ ಅಳುಕು ಬೇಡ. ಬಿಯರ್‌ಗಾರ್ಟನ್ ಹುಟ್ಟಿದ್ದೇ ಬುತ್ತಿಯ ಜೊತೆ. ಹಿಂದೆ ಬವೇರಿಯಾದಲ್ಲಿ, ಅಂದರೆ ಮ್ಯೂನಿಕ್ ಇರುವ ಈ ಸೀಮೆಯಲ್ಲಿ, ಬೇಸಿಗೆಯಲ್ಲಿ ಬಿಯರ್ ತಯಾರಿಸುವಂತಿರಲಿಲ್ಲ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ 23ರ ತನಕ ಮಾಡಿದ್ದನ್ನು ನೆಲಮಾಳಿಗೆಗಳಲ್ಲಿ ತಂಪಾಗಿ ಇಡುತ್ತಿದ್ದರು, ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಜನ ಆ ನೆರಳಿನಲ್ಲೇ ಕೂತು ಕುಡಿಯತೊಡಗಿದಾಗ ಊರೊಳಗಿನ ಹೋಟೆಲಿನವರು ವ್ಯಾಪಾರ ಹೋಯಿತೆಂದು ದೂರಿದರು. 1812ರಲ್ಲಿ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್, ಅಲ್ಲಿ ಬಿಯರ್ ಮಾರಿ, ಬ್ರೆಡ್ ಬಿಟ್ಟು ಬೇರೆ ತಿಂಡಿ ಮಾರಬೇಡಿ ಎಂದು ಆಜ್ಞೆ ಮಾಡಿದ. ಅಲ್ಲಿಂದ ಜನ ಮನೆಯಿಂದ ಕಟ್ಟಿಕೊಂಡು ಬರುವುದು ರೂಢಿಯಾಯಿತು. ಈಗ ಊಟವನ್ನೂ ಮಾರುತ್ತಾರೆ, ಬುತ್ತಿಯ ರೂಢಿ ಮಾತ್ರ ಹೋಗಿಲ್ಲ. ಬಟ್ಟೆ ಹಾಸಿದ ಮೇಜುಗಳಿಗೆ ಮಾತ್ರ ಹೋಗಬೇಡಿ, ಅಲ್ಲಿ ಅವರೇ ಬಡಿಸುವುದು. ಬರೀ ಹಲಗೆಯ ಮೇಜು ನೋಡಿ ಕೂತುಕೊಳ್ಳಿ, ಕುಡಿಯುವುದನ್ನು ಅಲ್ಲೇ ಕೊಳ್ಳಿ. ಅಪ್ಪ-ಅಮ್ಮನಿಗೆ ಆಪ್ಫೆಲ್‌ಶೋರ್ಲೆ ಕೊಡಿಸಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು.

ಹಾಲ್‌ನಲ್ಲಿ ಹಾಗಾದ ಮುಂದಿನ ವಾರ ಅಮ್ಮನನ್ನು ಹಿರ್ಷ್‌ಗಾರ್ಟನ್ ಎಂಬ ಬಿಯರ್‌ಗಾರ್ಟನ್‌ಗೆ ಕರೆದುಕೊಂಡು ಹೋದೆ. ಸುಮಾರು 8000 ಜನ ಕೂರುವ ಜಾಗ, ಪಕ್ಕದಲ್ಲೇ ಬೇಲಿಯೊಳಗೆ ಜಿಂಕೆಗಳು. ಚಪಾತಿ, ಚಟ್ನಿಪುಡಿ, ಮೊಸರನ್ನ ಒಯ್ದಿದ್ದೆವು. ಇಲ್ಲಿ ಖಾಲಿ ಮೇಜಿಗೆ ಕಾಯುವುದಿಲ್ಲ, ‘ಇಸ್ಟ್ ಹಿಯರ್ ನೊಖ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯೇ?) ಎಂದು ಕೇಳಿ ಯಾರ ಪಕ್ಕದಲ್ಲಾದರೂ ಕೂರಬಹುದು. ನಮ್ಮ ಪಕ್ಕ ಕೂತಿದ್ದ ವಯಸ್ಸಾದ ದಂಪತಿ ಚೌಕಳಿ ಬಟ್ಟೆ ಹಾಸಿ ದೊಡ್ಡ ಬಿಳಿ ಮೂಲಂಗಿ ಇಟ್ಟುಕೊಂಡಿದ್ದರು. ಅಜ್ಜಿ ಅದನ್ನು ತುಂಡಾಗದಂತೆ ಸುರುಳಿ ಸುರುಳಿಯಾಗಿ ಕೊಯ್ದು, ಉಪ್ಪು ಉದುರಿಸಿ ಸುಮ್ಮನೆ ಕೂತರು. ಐದು ನಿಮಿಷಕ್ಕೆ ತಟ್ಟೆಯಲ್ಲಿ ನೀರು ಬಿಟ್ಟಿತು. ಮೂಲಂಗಿ ಅಳಬೇಕು, ಆಮೇಲೆ ತಿನ್ನಬೇಕು ಎನ್ನುತ್ತಾರಂತೆ ಇಲ್ಲಿ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ, ‘ನಾವೂ ಕೋಸಂಬರಿಗೆ ಹೀಗೇ ಅಲ್ವಾ ಮಾಡೋದು, ಖಾರ ಇಳೀಲಿ ಅಂತ’ ಎಂದರು. ಅಜ್ಜಿ ಮೂಲಂಗಿ ಕೊಟ್ಟರು, ಅಮ್ಮ ಚಪಾತಿಗೆ ಚಟ್ನಿಪುಡಿ ಸವರಿ ಕೊಟ್ಟರು. ಭಾಷೆ ಬಾರದ ಇಬ್ಬರೂ ಒಂದು ಗಂಟೆ ಕೂತರು.

ಹಾಲ್‌ನ ಒಳಗೂ ಒಮ್ಮೆ ನೋಡಲೇಬೇಕೆಂದಿದ್ದರೆ ಹೋಫ್‌ಬ್ರೌಹೌಸ್‌ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಸಂಜೆಯ ಗಲಾಟೆಯಲ್ಲಿ ಹಿರಿಯರಿಗೆ ಸುಸ್ತಾಗುತ್ತದೆ. ಐದನೇ ವಿಲ್‌ಹೆಲ್ಮ್ ಎಂಬ ಡ್ಯೂಕ್ 1589ರಲ್ಲಿ ಅರಮನೆಗೆಂದು ಶುರುಮಾಡಿದ ಬ್ರೂವರಿಯ ಹೆಸರು ಅದು. ಚಿತ್ರ ಬರೆದ ಕಮಾನಿನ ಚಾವಣಿ ಇದೆ, ಖಾಯಂ ಗಿರಾಕಿಗಳ ಮಗ್‌ಗಳನ್ನು ಬೀಗ ಹಾಕಿಡುವ ಕಬ್ಬಿಣದ ಗೂಡುಗಳಿವೆ. ‘ಶ್ಟಾಮ್‌ಟಿಶ್’ ಎಂಬ ಫಲಕವಿರುವ ಮೇಜು ಅಂಥವರದು, ಅಲ್ಲಿ ಕೂರಬೇಡಿ. ಆ ಹೊತ್ತಿಗೆ ನಿಮ್ಮಿಬ್ಬರಿಗೆ ವೈಸ್‌ವುರ್ಸ್ಟ್ ಸಿಗುತ್ತದೆ. ಹೊಗೆ ಹಾಕದ ಸಾಸೇಜ್, ಫ್ರಿಜ್ ಇಲ್ಲದ ಕಾಲದಲ್ಲಿ ಬೇಗ ಕೆಡುತ್ತಿದ್ದುದರಿಂದ ಮಧ್ಯಾಹ್ನ ಹನ್ನೆರಡರ ಒಳಗೆ ತಿನ್ನುವ ಪದ್ಧತಿ ಬಂತು. ಸಿಪ್ಪೆ ತೆಗೆದು ಸಿಹಿ ಸಾಸಿವೆಯಲ್ಲಿ ಅದ್ದಿ ತಿನ್ನಿ. ಬಿಲ್ಲು 27 ಯೂರೋ ಆದರೆ ನೋಟು ಕೊಡುವಾಗಲೇ ಮೂವತ್ತು ಎಂದು ಹೇಳಿ, ಟಿಪ್ಸ್ ಅದರಲ್ಲೇ ಸೇರುತ್ತದೆ.

ಬಿಯರ್‌ಗಾರ್ಟನ್ ಮಳೆ ಬಂದರೆ ನಡೆಯುವುದಿಲ್ಲ. ಜೂನ್‌ನಲ್ಲಿ ಸಂಜೆ ಗುಡುಗು ಮಳೆ ಬರುವುದುಂಟು, ಹಾಗಾಗಿ ಮಧ್ಯಾಹ್ನದ ಊಟಕ್ಕೇ ಹೊರಡಿ.