‘ಮೈಸೂರು’ ಎಂಬ ಹೆಸರು ಹೊತ್ತ ಎರಡು ಯುದ್ಧನೌಕೆಗಳು

ಪ್ರಶ್ನೆ: ‘1971ರ ಯುದ್ಧದಲ್ಲಿ ನಮ್ಮ ಮೈಸೂರು ಹಡಗು ಕರಾಚಿಗೆ ಬೆಂಕಿ ಹಚ್ಚಿತು’ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. 2008ರಲ್ಲಿ ಕಡಲ್ಗಳ್ಳರನ್ನು ಹಿಡಿದ ಐಎನ್‌ಎಸ್ ಮೈಸೂರು ಅದೇ ಹಡಗೇ? ಈ ನೌಕೆ ಯುದ್ಧದಲ್ಲಿ ಕ್ಷಿಪಣಿ ಹಾರಿಸಿದೆಯೇ? ಊರಿನ ಹೆಸರಿನ ಇಂಗ್ಲಿಷ್ ರೂಪ ಬದಲಾದರೂ ಹಡಗಿನ ಹೆಸರು ಏಕೆ ಬದಲಾಗಲಿಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: ಅವು ಬೇರೆ ಬೇರೆ ಹಡಗುಗಳು. ಒಂದು ಯುದ್ಧನೌಕೆ ಸೇವೆಯಿಂದ ನಿವೃತ್ತವಾದ ಮೇಲೆ ಅದರ ಹೆಸರನ್ನು ಮುಂದೊಂದು ದಿನ ಹೊಸ ನೌಕೆಗೆ ಇಡುವುದು ನೌಕಾಪಡೆಯಲ್ಲಿ ನಡೆದುಬಂದ ಪದ್ಧತಿ. ತಂದೆಯವರು ಹೇಳುತ್ತಿದ್ದುದು ಮೊದಲ ಮೈಸೂರಿನ ಸಂಗತಿ. ಅದು ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಲ್ಲಿ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಕ್ರೂಸರ್. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸರಕು ಸಾಗಿಸುತ್ತಿದ್ದ ಹಡಗುಗಳಿಗೆ ಬೆಂಗಾವಲಾಗಿದ್ದಾಗ ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ತಗುಲಿಯೂ ಅದು ಮುಳುಗದೆ ಉಳಿದಿತ್ತು. ಭಾರತ ಅದನ್ನು 1954ರಲ್ಲಿ ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು.

1971ರಲ್ಲಿ ಈ ಕ್ರೂಸರ್ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ದಳದ ಮುಖ್ಯಸ್ಥರಾಗಿದ್ದ ರಿಯರ್ ಅಡ್ಮಿರಲ್ ಇ. ಸಿ. ಕುರುವಿಳಾ ಅವರು ಇದರಲ್ಲಿಯೇ ಇದ್ದು ದಳವನ್ನು ನಡೆಸಿದರು. ಆದರೆ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ್ದು ಮೈಸೂರಲ್ಲ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್ ಮತ್ತು ವೀರ್, 8ರ ರಾತ್ರಿ ವಿನಾಶ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು ಆ ಕೆಲಸ ಮಾಡಿದವು. ತಂದೆಯವರ ಮಾತನ್ನು ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಸಮುದ್ರದ ಯುದ್ಧದಲ್ಲಿ ಧ್ವಜನೌಕೆಗೂ ಹೊಡೆಯುವ ದೋಣಿಗೂ ಇರುವ ನಂಟು ಹತ್ತಿರದ್ದೇ. ಆದರೂ ಆ ದೋಣಿಗಳ ನಾವಿಕರಿಗೆ ಸಲ್ಲಬೇಕಾದ ಗೌರವ ಅವರಿಗೇ ಸಲ್ಲಬೇಕು. ಕ್ರೂಸರ್ 1985ರ ಆಗಸ್ಟ್ 20ರಂದು ನಿವೃತ್ತವಾಯಿತು.

ಈಗಿನ ಮೈಸೂರು ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ, ದೆಹಲಿ ವರ್ಗಕ್ಕೆ ಸೇರಿದ ಕ್ಷಿಪಣಿ ವಿಧ್ವಂಸಕ ನೌಕೆ. ದೆಹಲಿ ಮತ್ತು ಮುಂಬೈ ಇದರ ಸೋದರಿ ನೌಕೆಗಳು. 1991ರ ಫೆಬ್ರುವರಿ 2ರಂದು ನಿರ್ಮಾಣ ಆರಂಭವಾಗಿ, 1993ರ ಜೂನ್ 4ರಂದು ಒಡಲು ನೀರಿಗಿಳಿಯಿತು. ಆದರೆ ನೌಕೆ ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಕಾರ್ಗಿಲ್ ಕಾಳಗ ನಡೆಯುತ್ತಿದ್ದ ದಿನಗಳಲ್ಲಿ. ನೀರಿಗಿಳಿದ ಹಡಗು ಆರು ವರ್ಷ ಕಾಯಬೇಕಾಗಿ ಬಂದದ್ದಕ್ಕೆ ಮುಖ್ಯ ಕಾರಣ ಸೋವಿಯತ್ ಒಕ್ಕೂಟದ ಪತನ. ಶಸ್ತ್ರಾಸ್ತ್ರಗಳನ್ನೂ ಎಂಜಿನ್‌ಗಳನ್ನೂ ಒಂದೇ ದೇಶದಿಂದ ತರಿಸುವ ಲೆಕ್ಕಾಚಾರದಲ್ಲಿ ಹೊರಟಿದ್ದ ಯೋಜನೆ, ಕ್ಷಿಪಣಿಗಳಿಗೆ ರಷ್ಯಾದ ಕಡೆಗೂ ಗ್ಯಾಸ್ ಟರ್ಬೈನ್‌ಗಳಿಗೆ ಉಕ್ರೇನ್ ಕಡೆಗೂ ನೋಡುವಂತಾಯಿತು. ಸೇನಾ ಸಾಮಗ್ರಿಯಲ್ಲಿ ಪರಾವಲಂಬನೆಯ ಬೆಲೆ ಏನೆಂಬುದನ್ನು ನಮ್ಮ ಹಡಗು ನಿರ್ಮಾಣಗಾರರು ಆ ವರ್ಷಗಳಲ್ಲಿ ಪ್ರತ್ಯಕ್ಷವಾಗಿ ಕಂಡರು.

ನೌಕೆಯ ಉದ್ದ 163 ಮೀಟರ್. ಪೂರ್ಣ ಭಾರ ಆರು ಸಾವಿರ ಟನ್‌ಗೂ ಹೆಚ್ಚು. ಸಾವಕಾಶವಾಗಿ ಸಾಗುವಾಗ ಡೀಸೆಲ್ ಎಂಜಿನ್ ಓಡುತ್ತದೆ. ವೇಗ ಬೇಕಾದಾಗ ಅದನ್ನು ಬಿಟ್ಟು ಗ್ಯಾಸ್ ಟರ್ಬೈನ್ ಹಿಡಿಯುತ್ತಾರೆ. ಹಡಗುಗಳನ್ನು ಹೊಡೆಯಲು 16 ಯುರಾನ್ ಕ್ಷಿಪಣಿಗಳು, ವಿಮಾನಗಳನ್ನು ಎದುರಿಸಲು ಶ್ತಿಲ್ ಕ್ಷಿಪಣಿಗಳು, ಮುಂಭಾಗದಲ್ಲಿ 100 ಮಿಲಿಮೀಟರ್ ಫಿರಂಗಿ, ಹಿಂಭಾಗದಲ್ಲಿ ಎರಡು ಹೆಲಿಕಾಪ್ಟರ್‌ಗಳಿಗೆ ಜಾಗ – ಇದು ಮೂಲ ವ್ಯವಸ್ಥೆ. ಸಮೀಪ ರಕ್ಷಣೆಯ ಬರಾಕ್ ಕ್ಷಿಪಣಿ ಅನಂತರ ಸೇರಿತು.

ಇಷ್ಟೆಲ್ಲ ಆಯುಧ ಹೊತ್ತ ಈ ನೌಕೆ ಯುದ್ಧದಲ್ಲಿ ಶತ್ರುವಿನ ಹಡಗಿನ ಮೇಲೆ ಕ್ಷಿಪಣಿ ಹಾರಿಸಿದ ದಾಖಲೆ ಇಲ್ಲ. ಹಾಗೆಂದು ಅದರ ಸೇವೆಯನ್ನು ಕಡಿಮೆಯೆಂದು ಎಣಿಸಬೇಕಾಗಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಬೆನ್ನಿಗೇ ಮಾಲ್ಡೀವ್ಸ್‌ಗೆ ನೆರವು ಹೊತ್ತು ಹೊರಟ ನೌಕೆಗಳು ಮೈಸೂರು, ಉದಯಗಿರಿ ಮತ್ತು ಆದಿತ್ಯ. ಅಲ್ಲಿ ನಾವಿಕರ ಪಾಲಿಗೆ ಬಂದದ್ದು ಗಾಯಾಳುಗಳ ಶುಶ್ರೂಷೆ, ಕೆಟ್ಟುನಿಂತ ಜನರೇಟರ್‌ಗಳ ದುರಸ್ತಿಯಂಥ ಕೆಲಸ. 2011ರಲ್ಲಿ ಲಿಬಿಯಾ ಅಂತರ್ಯುದ್ಧಕ್ಕೆ ಬಿದ್ದಾಗ ಅಲ್ಲಿದ್ದ ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೂ ಮೈಸೂರು, ಜಲಾಶ್ವ ಮತ್ತು ಆದಿತ್ಯದ ಜತೆಗೆ ತೆರಳಿತು.

ನೀವು ಕೇಳಿದ ಕಡಲ್ಗಳ್ಳರ ಪ್ರಸಂಗ ನಡೆದದ್ದು 2008ರ ಡಿಸೆಂಬರ್ 13ರಂದು, ಏಡನ್ ಕೊಲ್ಲಿಯಲ್ಲಿ. ಆ ವರ್ಷ ಸೊಮಾಲಿಯಾದ ಕಡಲ್ಗಳ್ಳರ ಹಾವಳಿ ಮಿತಿಮೀರಿದ್ದರಿಂದ ಭಾರತ ಅಲ್ಲಿ ಗಸ್ತು ಆರಂಭಿಸಿತ್ತು. ಮೊದಲು ಹೋದ ಐಎನ್‌ಎಸ್ ತಬರ್‌ನ ಬಳಿಕ ಸರದಿ ಮೈಸೂರಿನದು. ಇಥಿಯೋಪಿಯಾದ ‘ಗಿಬೆ’ ಎಂಬ ಸರಕು ಹಡಗು, ತನ್ನನ್ನು ದೋಣಿಗಳು ಅಟ್ಟಿಸಿಕೊಂಡು ಗುಂಡು ಹಾರಿಸುತ್ತಿವೆಯೆಂದು ರೇಡಿಯೊದಲ್ಲಿ ಮೊರೆಯಿಟ್ಟಿತು. ಮೈಸೂರಿನಿಂದ ಹೆಲಿಕಾಪ್ಟರ್ ಮೇಲೆದ್ದಿತು. ಅದನ್ನು ಕಂಡ ದೋಣಿಗಳು ತಪ್ಪಿಸಿಕೊಳ್ಳಲು ಹವಣಿಸಿದವು. ನೌಕೆ ಅವುಗಳನ್ನು ತಡೆದು ನಿಲ್ಲಿಸಿತು, ಕಮಾಂಡೊಗಳು ಹತ್ತಿ ಶೋಧಿಸಿದರು. ಎ.ಕೆ.-47 ರೈಫಲ್‌ಗಳು, ತುಂಬಿದ ಮ್ಯಾಗಜೀನ್‌ಗಳು, ಗ್ರೆನೇಡ್‌ಗಳು, ದಾರಿ ಹಿಡಿಯಲು ಜಿಪಿಎಸ್ – ಮೀನುಗಾರರ ಬಳಿ ಇರಬೇಕಾದ ಸಾಮಾನುಗಳಲ್ಲ. ಸೆರೆಸಿಕ್ಕ 23 ಮಂದಿಯಲ್ಲಿ 12 ಜನ ಸೊಮಾಲಿಯಾದವರು, 11 ಜನ ಯೆಮನ್‌ನವರು. ಅವರನ್ನು ಯೆಮನ್ ಆಡಳಿತಕ್ಕೆ ಒಪ್ಪಿಸಲಾಯಿತು. ಅಂದು ಕ್ಷಿಪಣಿಯ ಅಗತ್ಯವೇ ಬೀಳಲಿಲ್ಲ. ದೊಡ್ಡ ನೌಕೆಯೊಂದು ಹೆಲಿಕಾಪ್ಟರ್ ಸಮೇತ ಆ ಹೊತ್ತಿಗೆ ಆ ನೀರಿನಲ್ಲಿ ಇದ್ದದ್ದೇ ಸಾಕಾಯಿತು, ಮತ್ತು ವಿಧ್ವಂಸಕ ನೌಕೆಯ ದಿನನಿತ್ಯದ ದುಡಿಮೆಯನ್ನು ಅಳೆಯಬೇಕಾದದ್ದು ಹೀಗೆಯೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಹೆಸರಿನ ವಿಚಾರ. 1957ರಲ್ಲಿ ಕ್ರೂಸರ್‌ಗೆ ಈ ಹೆಸರಿಟ್ಟಾಗ ನಮ್ಮ ಇಡೀ ರಾಜ್ಯದ ಹೆಸರೇ ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ನೌಕೆಯ ಲಾಂಛನವೂ ಮೈಸೂರು ಅರಸರ ಗಂಡಭೇರುಂಡವೇ. ಅದರ ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’, ಅಂದರೆ ‘ಎಂದಿಗೂ ಅಂಜುವುದಿಲ್ಲ’. ಹೊಸ ನೌಕೆ 1999ರಲ್ಲಿ ಹಳೆಯದರ ಹೆಸರು, ಲಾಂಛನ, ಧ್ಯೇಯವಾಕ್ಯ ಮೂರನ್ನೂ ಪಡೆಯಿತು. ಬಾಂಬೆ 1995ರಲ್ಲೇ ಮುಂಬೈ ಆಗಿದ್ದರಿಂದ 2001ರಲ್ಲಿ ಸೇವೆಗೆ ಸೇರಿದ ಸೋದರಿ ನೌಕೆಗೆ ಹೊಸ ರೂಪವೇ ಸಿಕ್ಕಿತು. ನಿಮ್ಮ ಊರಿನ ಇಂಗ್ಲಿಷ್ ಕಾಗುಣಿತ ತಿದ್ದಿದ್ದು 2014ರ ನವೆಂಬರ್ 1ರಂದು. ಅಷ್ಟು ಹೊತ್ತಿಗೆ ನೌಕೆ ಆ ಹೆಸರಿನಲ್ಲಿ ಹದಿನೈದು ವರ್ಷ ದುಡಿದಿತ್ತು, ಇಂಗ್ಲಿಷಿನಲ್ಲಿ ಇಂದಿಗೂ ಹಳೆಯ ಕಾಗುಣಿತದಲ್ಲೇ ಇದೆ. ಕನ್ನಡದಲ್ಲಿ ಬರೆಯುವ ನಮಗಂತೂ ಎರಡೂ ಹಡಗುಗಳು ಮೊದಲಿನಿಂದಲೂ ‘ಮೈಸೂರು’; ನೀವೂ ಪತ್ರದಲ್ಲಿ ಹಾಗೆಯೇ ಬರೆದಿದ್ದೀರಿ.