ನ್ಯಾಯಮೂರ್ತಿಗಳನ್ನು ನೋಡಿ ಅಧ್ಯಕ್ಷರನ್ನು ಆರಿಸಬೇಕೆ?

ಪತ್ರ: ಅಮೆರಿಕದ ಪೌರತ್ವ ಸಿಕ್ಕಿದೆ. 2028ರಲ್ಲಿ ಮೊದಲ ಸಲ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಲಿದ್ದೇನೆ. ‘ಅಭ್ಯರ್ಥಿ ಹೇಗಿದ್ದರೂ ಸರಿ, ಸುಪ್ರೀಂ ಕೋರ್ಟಿಗೆ ಯಾರನ್ನು ನೇಮಿಸುತ್ತಾರೆ ಅನ್ನುವುದನ್ನಷ್ಟೇ ನೋಡಿ’ ಎನ್ನುತ್ತಾರೆ ಇಲ್ಲಿನ ಗೆಳೆಯರು. ಅದಕ್ಕೆ ಅಷ್ಟೊಂದು ತೂಕ ಕೊಡಬೇಕೆ?
- ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ತೂಕ ಕೊಡಲೇಬೇಕು. ಆದರೆ ‘ಅಷ್ಟನ್ನೇ’ ನೋಡುವುದು ತಪ್ಪು. ನೋಡುವಾಗಲೂ ಬರೀ ಸುಪ್ರೀಂ ಕೋರ್ಟನ್ನು ನೋಡಿದರೆ ಲೆಕ್ಕ ಅರ್ಧಕ್ಕೇ ನಿಂತಂತೆ.

ಭಾರತದಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ಹೊಸದು. ಅಲ್ಲಿ ಹೆಸರು ಸೂಚಿಸುವುದು ಕೊಲಿಜಿಯಂ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತರಾಗುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು, ಒಪ್ಪಿದ ಮೇಲೆ ಹುದ್ದೆ ಜೀವನಪರ್ಯಂತ. ಹಿರಿಯ ಬುಷ್ 1991ರಲ್ಲಿ ನೇಮಿಸಿದಾಗ ಕ್ಲಾರೆನ್ಸ್ ಥಾಮಸ್‌ಗೆ 43 ವರ್ಷ. ಬುಷ್ 1993ರ ಜನವರಿಯಲ್ಲೇ ಅಧಿಕಾರ ಬಿಟ್ಟರು, 2018ರಲ್ಲಿ ತೀರಿಕೊಂಡರು. ಥಾಮಸ್ ಅದಾದ ಮೇಲೂ ಪೀಠದಲ್ಲಿದ್ದು ತೀರ್ಪು ಬರೆದರು. ನಿಮ್ಮ ಗೆಳೆಯರ ಆತಂಕಕ್ಕೆ ಆಧಾರವಿದೆ.

ಆದರೆ ಒಂಬತ್ತು ಸ್ಥಾನಗಳಲ್ಲಿ ಎಷ್ಟು ಯಾವಾಗ ತೆರವಾಗುತ್ತವೆ ಎಂದು ಹೇಳಬಲ್ಲವರಿಲ್ಲ. ನಿಕ್ಸನ್‌ಗೆ ಮೊದಲ ಅವಧಿಯಲ್ಲೇ ನಾಲ್ಕು ನೇಮಕ ಸಿಕ್ಕವು, ಕಾರ್ಟರ್‌ಗೆ ನಾಲ್ಕು ವರ್ಷದಲ್ಲಿ ಒಂದೂ ಸಿಗಲಿಲ್ಲ. ಟ್ರಂಪ್‌ಗೆ ಮೊದಲ ಅವಧಿಯಲ್ಲಿ ಮೂರು, ಬೈಡನ್‌ಗೆ ಒಂದು. ಮೇಲಾಗಿ, ಈಚೆಗೆ ನ್ಯಾಯಮೂರ್ತಿಗಳು ತಮ್ಮ ವಿಚಾರಕ್ಕೆ ಹತ್ತಿರದ ಅಧ್ಯಕ್ಷರು ಇರುವ ಹೊತ್ತು ನೋಡಿ ನಿವೃತ್ತರಾಗುತ್ತಿದ್ದಾರೆ: 2018ರಲ್ಲಿ ಕೆನಡಿ, 2022ರಲ್ಲಿ ಬ್ರೇಯರ್. ಹಾಗಾದಾಗ ಪೀಠದ ಒಲವು ಅಷ್ಟಾಗಿ ಬದಲಾಗುವುದಿಲ್ಲ. ಅದು ಬುಡಮೇಲಾಗುವುದು ಹೆಚ್ಚಾಗಿ ಹುದ್ದೆಯಲ್ಲಿರುವಾಗಲೇ ಯಾರಾದರೂ ತೀರಿಕೊಂಡಾಗ. 2020ರ ಸೆಪ್ಟೆಂಬರ್‌ನಲ್ಲಿ ಉದಾರವಾದಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ ಎಂಟು ದಿನ ಇರುವಾಗ ಟ್ರಂಪ್ ಹೆಸರಿಸಿದ ಸಂಪ್ರದಾಯವಾದಿ ಬ್ಯಾರೆಟ್ ಅವರನ್ನು ಸೆನೆಟ್ 52–48 ಮತಗಳಿಂದ ಒಪ್ಪಿತು. ಗರ್ಭಪಾತದ ಹಕ್ಕಿಗೆ ಸಂವಿಧಾನದ ರಕ್ಷಣೆಯಿಲ್ಲ ಎಂದು 2022ರಲ್ಲಿ ತೀರ್ಪು ಕೊಟ್ಟ ಬಹುಮತದಲ್ಲಿ ಟ್ರಂಪ್ ನೇಮಿಸಿದ ಮೂವರೂ ಇದ್ದರು.

ನೇಮಿಸಿದವರ ಎಣಿಕೆ ಒಂದು ಕಾಲದಲ್ಲಿ ಆಗಾಗ ತಪ್ಪುತ್ತಿತ್ತು. ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಆರಿಸಿದ ಬ್ಲ್ಯಾಕ್‌ಮನ್ ಅವರೇ 1973ರಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ತೀರ್ಪು ಬರೆದವರು. ಅದೇ ಪಕ್ಷದ ಹಿರಿಯ ಬುಷ್ 1990ರಲ್ಲಿ ನೇಮಿಸಿದ ಸೂಟರ್ ಉದಾರವಾದಿಗಳ ಜತೆ ನಿಂತರು. ಆಮೇಲೆ ಪಕ್ಷಗಳು ಪಾಠ ಕಲಿತವು. ಮೇಲ್ಮನವಿ ನ್ಯಾಯಾಲಯದಲ್ಲಿ ಕೂತು ತೀರ್ಪು ಬರೆದು ಪಳಗಿದವರನ್ನೇ ಈಗ ಹುಡುಕುತ್ತಾರೆ. ಟ್ರಂಪ್ 2016ರಲ್ಲಿ ಮತದಾನಕ್ಕೆ ಮುಂಚೆಯೇ ತಮ್ಮ ಆಯ್ಕೆಯ ಪಟ್ಟಿ ಪ್ರಕಟಿಸಿದ್ದರು, ಮುಂದೆ ಅವರು ನೇಮಿಸಿದ ಗೋರ್ಸಚ್ ಹೆಸರು ಅದರಲ್ಲಿತ್ತು. ಇಂಥ ಪಟ್ಟಿ ಯಾವ ಪಕ್ಷದ ಅಭ್ಯರ್ಥಿ ಕೊಟ್ಟರೂ ಅದನ್ನು ಓದಿ. ಆದರೆ ನೇಮಕಗೊಂಡವರು ನೇಮಿಸಿದವರ ಮಾತಿಗೆಲ್ಲ ತಲೆಯಾಡಿಸುತ್ತಾರೆ ಎಂದುಕೊಳ್ಳಬೇಡಿ. 1974ರಲ್ಲಿ ವಾಟರ್‌ಗೇಟ್ ಹಗರಣದ ಧ್ವನಿಸುರುಳಿಗಳನ್ನು ಒಪ್ಪಿಸಿ ಎಂದು ನಿಕ್ಸನ್‌ಗೆ ಹೇಳಿದ ಎಂಟು ಮಂದಿಯ ಒಮ್ಮತದ ಪೀಠದಲ್ಲಿ ಮೂವರು ಅವರೇ ನೇಮಿಸಿದವರು.

ನನ್ನ ಮಟ್ಟಿಗೆ ಹೆಚ್ಚು ತೂಗುವುದು ಕೆಳಗಿನ ಫೆಡರಲ್ (ಕೇಂದ್ರದ) ನ್ಯಾಯಾಲಯಗಳು. 13 ಮೇಲ್ಮನವಿ ನ್ಯಾಯಾಲಯಗಳಲ್ಲಿ 179 ಸ್ಥಾನಗಳಿವೆ, ಜಿಲ್ಲಾ ಮಟ್ಟದಲ್ಲಿ 670ಕ್ಕೂ ಹೆಚ್ಚು. ಇಲ್ಲಿ ಅದೃಷ್ಟದ ಪಾಲು ಕಡಿಮೆ, ಯಾರೇ ಅಧ್ಯಕ್ಷರಾದರೂ ಒಂದು ಅವಧಿಯಲ್ಲಿ ದೊಡ್ಡ ಸಂಖ್ಯೆಯ ನೇಮಕ ಸಿಗುತ್ತದೆ. ಟ್ರಂಪ್ ಮೊದಲ ಅವಧಿಯಲ್ಲಿ ಎಲ್ಲ ಹಂತ ಸೇರಿ 234 ಮಂದಿಯನ್ನು ನೇಮಿಸಿದರೆ, ಬೈಡನ್ 235 ಮಂದಿಯನ್ನು ನೇಮಿಸಿದರು. ಸುಪ್ರೀಂ ಕೋರ್ಟಿಗೆ ಯಾರನ್ನೂ ಕಳಿಸಲಾಗದ ಕಾರ್ಟರ್ ಕೂಡ 1980ರಲ್ಲಿ ಗಿನ್ಸ್‌ಬರ್ಗ್ ಮತ್ತು ಬ್ರೇಯರ್ ಅವರನ್ನು ಮೇಲ್ಮನವಿ ನ್ಯಾಯಾಲಯಗಳಿಗೆ ನೇಮಿಸಿದ್ದರು. ಕ್ಲಿಂಟನ್ ಅವರಿಬ್ಬರನ್ನೂ ಅಲ್ಲಿಂದಲೇ ಮೇಲಕ್ಕೆ ತಂದದ್ದು.

ವೀಸಾದ ಮೇಲಿರುವ ನಮ್ಮವರಿಗೆ ತೀರಾ ಹತ್ತಿರದ ಒಂದು ಪ್ರಕರಣ ನೋಡಿ. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲ ಎಂಬ ಟ್ರಂಪ್ ಆದೇಶ 2025ರ ಜನವರಿ 20ರಂದು ಹೊರಬಿತ್ತು. ಮೂರೇ ದಿನದಲ್ಲಿ ಅದಕ್ಕೆ ಮೊದಲ ತಡೆ ಕೊಟ್ಟವರು ಸಿಯಾಟಲ್‌ನ ಜಿಲ್ಲಾ ನ್ಯಾಯಾಧೀಶರು, 1981ರಲ್ಲಿ ಟ್ರಂಪ್ ಅವರದೇ ಪಕ್ಷದ ರೇಗನ್ ನೇಮಿಸಿದವರು. ಎಚ್–4 ವೀಸಾದಲ್ಲಿರುವ (ಎಚ್–1ಬಿ ನೌಕರರ) ಸಂಗಾತಿಗಳ ಕೆಲಸದ ಪರವಾನಗಿಯನ್ನು 2024ರಲ್ಲಿ ಎತ್ತಿಹಿಡಿದದ್ದೂ ಮೇಲ್ಮನವಿ ನ್ಯಾಯಾಲಯವೇ. ಇನ್ನು ಗಡೀಪಾರಿನ ವಿಚಾರಣೆ ನಡೆಸುವ ವಲಸೆ ನ್ಯಾಯಾಧೀಶರು ಜೀವನಪರ್ಯಂತ ಹುದ್ದೆಯವರಲ್ಲ. ಅವರು ಅಟಾರ್ನಿ ಜನರಲ್ ಕೈಕೆಳಗಿನ ನ್ಯಾಯ ಇಲಾಖೆಯ ನೌಕರರು. ಅಲ್ಲಿ ಸೆನೆಟ್ ಒಪ್ಪಿಗೆಯ ಮಾತೇ ಇಲ್ಲ, ಅಧ್ಯಕ್ಷರು ಬದಲಾದರೆ ಅದರ ಬಿಸಿ ಕೂಡಲೇ ತಟ್ಟುತ್ತದೆ.

ಅಧ್ಯಕ್ಷರನ್ನು ಗೆಲ್ಲಿಸಿ ಸೆನೆಟ್ ಕೈತಪ್ಪಿದರೆ ಈ ಲೆಕ್ಕವೆಲ್ಲ ತಲೆಕೆಳಗು. 2016ರ ಮಾರ್ಚ್‌ನಲ್ಲಿ ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್‌ಗೆ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಲೋವರ್ ಕೋರ್ಟ್ ನೇಮಕಗಳಿಗೆ 2013ರಿಂದ, ಸುಪ್ರೀಂ ಕೋರ್ಟಿಗೆ 2017ರಿಂದ ಸರಳ ಬಹುಮತ ಸಾಕು. ಹಾಗಾಗಿ ಒಂದೊಂದು ಸೆನೆಟ್ ಸ್ಥಾನಕ್ಕೂ ಬೆಲೆ ಬಂದಿದೆ. ನಿಮ್ಮ ರಾಜ್ಯದಲ್ಲಿ 2028ರಲ್ಲಿ ಸೆನೆಟ್ ಚುನಾವಣೆಯ ಸರದಿಯಿಲ್ಲ. ಒಂದು ಸ್ಥಾನಕ್ಕೆ 2026ರಲ್ಲಿ, ಇನ್ನೊಂದಕ್ಕೆ 2030ರಲ್ಲಿ. ನ್ಯಾಯಾಲಯಗಳ ಚಿಂತೆ ಇರುವವರು ಆ ವರ್ಷಗಳಲ್ಲಿ ಮನೆಯಲ್ಲಿ ಕೂರಬಾರದು.

ಹಾಗಾದರೆ ಎಷ್ಟು ತೂಕ? ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಬಹಳ ಕಡಿಮೆ. ಒಂದೇ ಪಕ್ಷದ ಸ್ಪರ್ಧಿಗಳು ಹೆಚ್ಚುಕಡಿಮೆ ಒಂದೇ ಬಗೆಯವರನ್ನು ನೇಮಿಸುತ್ತಾರೆ. ಅಲ್ಲಿ ಅನುಭವ, ವಿದೇಶಾಂಗ ನೀತಿ, ಆಡಳಿತದ ಸಾಮರ್ಥ್ಯ, ಪ್ರಾಮಾಣಿಕತೆ ನೋಡಿ ಆರಿಸಿ. ನವೆಂಬರ್‌ನಲ್ಲಿ ಪಕ್ಷ–ಪಕ್ಷದ ನಡುವೆ ಆರಿಸುವಾಗ ನೇಮಕಗಳನ್ನು ಮೊದಲ ಮೂರು–ನಾಲ್ಕು ಕಾರಣಗಳಲ್ಲಿ ಒಂದಾಗಿ ಇಟ್ಟುಕೊಳ್ಳಿ. ಸೈನ್ಯದ ಕಮಾಂಡರ್, ವಲಸೆ ಆಡಳಿತದ ಮುಖ್ಯಸ್ಥ, ಕ್ಷಮಾದಾನದ ಅಧಿಕಾರವಿರುವವರು ಒಬ್ಬರೇ ಆಗಿರುವಾಗ, ‘ನ್ಯಾಯಮೂರ್ತಿಗಳು ಸಿಕ್ಕರೆ ಸಾಕು’ ಎಂದು ಅಯೋಗ್ಯರನ್ನು ಆರಿಸುವುದನ್ನು ನಾನು ಒಪ್ಪಲಾರೆ.

ಮನೆ ಬಾಡಿಗೆ, ವಿಚ್ಛೇದನ, ಆಸ್ತಿ ವ್ಯಾಜ್ಯ ಹೋಗುವುದು ರಾಜ್ಯದ ನ್ಯಾಯಾಲಯಕ್ಕೆ. ನ್ಯೂಜೆರ್ಸಿಯಲ್ಲಿ ಆ ನ್ಯಾಯಾಧೀಶರನ್ನು ಹೆಸರಿಸುವವರು ಗವರ್ನರ್, ಆ ಚುನಾವಣೆ 2029ರಲ್ಲಿದೆ.